ಮುಸುಕಿನೊಳಗೆ ಹಾರಿದ ಜಿಮ್ಮಿ ಡೂಲಿಟಲ್

ಮಕ್ಕಳೇ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಆಡುವ ಆಟ ನಿಮಗೆಲ್ಲ ಗೊತ್ತು. ಬಟ್ಟೆ ಕಟ್ಟಿದ ಕೂಡಲೇ, ದಿನವೂ ಓಡಾಡುವ ಶಾಲೆಯ ಅಂಗಳವೇ ಹೊಸ ಜಾಗದಂತೆ ಆಗಿಬಿಡುತ್ತದೆ. ಕೈ ಚಾಚಿ, ಕಾಲಿನಿಂದ ನೆಲ ತಡವಿ, ಅಳುಕುತ್ತ ಹೆಜ್ಜೆ ಇಡುತ್ತೀರಿ. ಈಗ ಒಂದು ಪ್ರಶ್ನೆ. ಹೀಗೆ ಹೊರಗಿನದೇನೂ ಕಾಣದಂತೆ ಮಾಡಿಕೊಂಡು ವಿಮಾನ ಹಾರಿಸಲು ಸಾಧ್ಯವೆ? ನೆಲದಿಂದ ಮೇಲೇರಿ, ಆಕಾಶದಲ್ಲಿ ಸುತ್ತು ಹಾಕಿ, ಹೊರಟ ಮೈದಾನಕ್ಕೇ ಮರಳಿ ಬಂದು ಇಳಿಯಲು ಆದೀತೆ?

1929ರ ಸೆಪ್ಟೆಂಬರ್ 24ರಂದು ಅಮೆರಿಕದ ನ್ಯೂಯಾರ್ಕ್ ಬಳಿಯ ಒಂದು ಮೈದಾನದಲ್ಲಿ ಇದನ್ನು ಮಾಡಿ ತೋರಿಸಿದವರು ಜೇಮ್ಸ್ ಹೆರಾಲ್ಡ್ ಡೂಲಿಟಲ್. ಎಲ್ಲರೂ ಅವರನ್ನು ಕರೆಯುತ್ತಿದ್ದುದು ಜಿಮ್ಮಿ ಎಂದು. ಇಂದು ಮೋಡ ಕವಿದ ದಿನವೂ ವಿಮಾನಗಳು ನಿಲ್ದಾಣಕ್ಕೆ ಬಂದು ಇಳಿಯುತ್ತವೆಯಲ್ಲ, ಅದಕ್ಕೆ ಅಡಿಪಾಯ ಹಾಕಿದ ಹಾರಾಟ ಅದು. ಅದರಲ್ಲಿ ಒಂದು ಸ್ವಾರಸ್ಯವೂ ಇದೆ. ಡೂಲಿಟಲ್ ಹಿಂದಿನ ಆಸನದಲ್ಲಿ ಮುಸುಕಿನೊಳಗೆ ಕುಳಿತಿದ್ದರೆ, ಮುಂದಿನ ಆಸನದಲ್ಲಿ ಮುಸುಕಿಲ್ಲದ ಇನ್ನೊಬ್ಬರಿದ್ದರು. ಅವರು ವಿಮಾನ ನಡೆಸಲಿಲ್ಲ. ಸುಮ್ಮನೆ ಸುತ್ತಲೂ ನೋಡುತ್ತಿದ್ದರು. ಏನನ್ನು? ಅದನ್ನು ಹೇಳುವ ಮೊದಲು ಜಿಮ್ಮಿಯ ಬಾಲ್ಯದ ಕಥೆ ಕೇಳಿ.

ಹಿಮದ ಊರಿನ ಹುಡುಗ

ಜಿಮ್ಮಿ ಹುಟ್ಟಿದ್ದು 1896ರ ಡಿಸೆಂಬರ್ 14ರಂದು, ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಅಲಮೀಡ ಎಂಬ ಊರಿನಲ್ಲಿ. ತಂದೆ ಬಡಗಿ. ಆ ಕಾಲದಲ್ಲಿ ಉತ್ತರದ ಅಲಾಸ್ಕದಲ್ಲಿ ಚಿನ್ನ ಸಿಗುತ್ತದೆ ಎಂಬ ಸುದ್ದಿ ಹಬ್ಬಿತ್ತು. ಸಾವಿರಾರು ಜನರಂತೆ ಜಿಮ್ಮಿಯ ತಂದೆಯೂ ಅಲ್ಲಿಗೆ ಹೋದರು. ಹೀಗಾಗಿ ಹುಡುಗ ಬೆಳೆದದ್ದು ನೋಮ್ ಎಂಬ ಹಿಮದ ಊರಿನಲ್ಲಿ. ಅವನು ಕುಳ್ಳ. ದೊಡ್ಡ ಹುಡುಗರು ಬಿಡುತ್ತಾರೆಯೆ? ದಿನವೂ ಕೀಟಲೆ, ದಿನವೂ ಹೊಡೆದಾಟ. ಮುಂದೆ ಅವನು ಒಳ್ಳೆಯ ಬಾಕ್ಸಿಂಗ್ ಪಟುವಾದದ್ದಕ್ಕೆ ಆ ಹೊಡೆದಾಟಗಳೇ ಕಾರಣ ಎನ್ನಬಹುದು!

ನಂತರ ತಾಯಿ ಮಗ ಲಾಸ್ ಏಂಜಲೀಸ್ ನಗರಕ್ಕೆ ಬಂದರು. 1910ರ ಜನವರಿಯಲ್ಲಿ ಆ ನಗರದ ಹತ್ತಿರ ವಿಮಾನಗಳ ಪ್ರದರ್ಶನ ನಡೆಯಿತು. ರೈಟ್ ಸಹೋದರರು ಮೊದಲ ಬಾರಿಗೆ ಹಾರಿ ಆಗಿನ್ನೂ 6 ವರ್ಷ ಕಳೆದಿತ್ತಷ್ಟೆ. 13 ವರ್ಷದ ಜಿಮ್ಮಿ ಬಾಯಿ ಬಿಟ್ಟುಕೊಂಡು ಆ ಯಂತ್ರಗಳನ್ನು ನೋಡಿದ. ಆಮೇಲೆ ಪತ್ರಿಕೆಯಲ್ಲಿ ಬಂದಿದ್ದ ನಕ್ಷೆ ಇಟ್ಟುಕೊಂಡು ತಾನೇ ಒಂದು ಗ್ಲೈಡರ್ ಕಟ್ಟಿದ. ಅದನ್ನು ಹೊತ್ತು ದಿಬ್ಬದ ಮೇಲಿನಿಂದ ಹಾರಿದ. ಗ್ಲೈಡರ್ ಮುರಿಯಿತು, ಮೈ ತರಚಿತು, ಹಾರುವ ಆಸೆ ಮಾತ್ರ ಹಾಗೇ ಉಳಿಯಿತು. (ನೀವು ಇದನ್ನು ಮಾಡಿ ನೋಡಬೇಡಿ!)

ಕಾಲೇಜಿನಲ್ಲಿ ಅವನು ಓದುತ್ತಿದ್ದುದು ಗಣಿ ವಿಜ್ಞಾನ. ಅಷ್ಟರಲ್ಲಿ ಮೊದಲ ಮಹಾಯುದ್ಧಕ್ಕೆ ಅಮೆರಿಕವೂ ಸೇರಿತು. 1917ರಲ್ಲಿ ಜಿಮ್ಮಿ ಓದನ್ನು ನಿಲ್ಲಿಸಿ ಸೈನ್ಯದ ವಿಮಾನ ದಳಕ್ಕೆ ಹೆಸರು ಕೊಟ್ಟರು. ಅದೇ ವರ್ಷದ ಕ್ರಿಸ್ಮಸ್ ಹಿಂದಿನ ದಿನ ಜೋಸೆಫಿನ್ ಅವರೊಂದಿಗೆ ಮದುವೆಯೂ ಆಯಿತು.

1918ರ ಜನವರಿಯಲ್ಲಿ ಸ್ಯಾನ್ ಡಿಯಾಗೊ ಬಳಿಯ ರಾಕ್‌ವೆಲ್ ಫೀಲ್ಡ್ ಎಂಬ ಮೈದಾನದಲ್ಲಿ ಅವರಿಗೆ ಹಾರಾಟದ ಮೊದಲ ಪಾಠ. ಶಿಕ್ಷಕರ ಜೊತೆ ವಿಮಾನದಲ್ಲಿ ಕುಳಿತು ಇನ್ನೇನು ಹೊರಡಬೇಕು, ತಲೆಯ ಮೇಲೆ ದೊಡ್ಡ ಸದ್ದಾಯಿತು. ಎರಡು ತರಬೇತಿ ವಿಮಾನಗಳು ಆಕಾಶದಲ್ಲೇ ಒಂದಕ್ಕೊಂದು ಡಿಕ್ಕಿ ಹೊಡೆದಿದ್ದವು! ಎರಡೂ ನೆಲಕ್ಕೆ ಬಿದ್ದವು. ಒಬ್ಬಂಟಿಯಾಗಿ ಹಾರುತ್ತಿದ್ದ ವಿದ್ಯಾರ್ಥಿ ಸತ್ತುಹೋದ. ಇನ್ನೊಂದು ವಿಮಾನದಲ್ಲಿದ್ದ ಇಬ್ಬರಿಗೂ ತೀವ್ರ ಗಾಯ. ಜಿಮ್ಮಿ ಮತ್ತು ಅವರ ಶಿಕ್ಷಕರು ಓಡಿಹೋಗಿ ಕೈಲಾದ ಸಹಾಯ ಮಾಡಿದರು. ನಂತರ ಹಿಂತಿರುಗಿ ಬಂದು, ತಮ್ಮ ವಿಮಾನವನ್ನು ಹತ್ತಿ, ಮೊದಲ ಪಾಠಕ್ಕೆ ಮೇಲೇರಿದರು.

ಗಮನಿಸಿ, ಅಲ್ಲಿದ್ದವರು ನೆಲ, ದಿಗಂತ ಎಲ್ಲವನ್ನೂ ಕಣ್ಣಿನಿಂದ ನೋಡಿಯೇ ಹಾರುತ್ತಿದ್ದರು. ಹಾಗಿದ್ದೂ ಇಬ್ಬರೂ ಒಬ್ಬರನ್ನೊಬ್ಬರು ತಪ್ಪಿಸಿಕೊಳ್ಳಲಾಗಲಿಲ್ಲ.

ಮೈ ಹೇಳುವ ಸುಳ್ಳು

ಡೂಲಿಟಲ್ ಬೇಗ ಹೆಸರು ಮಾಡಿದರು. 1922ರಲ್ಲಿ ಫ್ಲಾರಿಡದಿಂದ ಕ್ಯಾಲಿಫೋರ್ನಿಯಾಕ್ಕೆ, ಅಂದರೆ ಅಮೆರಿಕದ ಒಂದು ಕಡಲತೀರದಿಂದ ಇನ್ನೊಂದಕ್ಕೆ, ಒಂದೇ ಕಡೆ ಇಳಿದು ಒಂದು ದಿನದೊಳಗೆ ಹಾರಿಹೋದರು. ಹಾಗೆ ಮಾಡಿದವರಲ್ಲಿ ಅವರೇ ಮೊದಲಿಗರು. ದಾರಿಯಲ್ಲಿ ರಾತ್ರಿ ಗುಡುಗು ಮಿಂಚಿನ ಮಳೆ ಸಿಕ್ಕಿತು. ಕತ್ತಲಿನಲ್ಲಿ ನೆಲ ಯಾವುದು, ಆಕಾಶ ಯಾವುದು ತಿಳಿಯದಾದಾಗ ಅವರನ್ನು ಕಾಪಾಡಿದ್ದು ವಿಮಾನ ತಿರುಗುತ್ತಿದೆಯೇ ಇಲ್ಲವೇ ಎಂದು ತೋರಿಸುವ ಒಂದು ಪುಟ್ಟ ಉಪಕರಣ.

ಆ ಕಾಲದ ಹೆಚ್ಚಿನ ವಿಮಾನ ಚಾಲಕರಿಗೆ ಉಪಕರಣಗಳ ಮೇಲೆ ಅಂಥ ಗೌರವವೇನೂ ಇರಲಿಲ್ಲ. ಒಳ್ಳೆಯ ಚಾಲಕನಿಗೆ ವಿಮಾನದ ವಾಲಾಟ ಮೈಗೇ ತಿಳಿಯುತ್ತದೆ ಎಂದು ಅವರು ನಂಬಿದ್ದರು. ಈ ನಂಬಿಕೆಯಿಂದಲೇ ಮಂಜಿನಲ್ಲಿ, ಮೋಡದಲ್ಲಿ ಎಷ್ಟೋ ಮಂದಿ ಪ್ರಾಣ ಕಳೆದುಕೊಂಡರು.

ಮೈ ಹೇಗೆ ಮೋಸ ಹೋಗುತ್ತದೆ? ನೀವೇ ನೋಡಬಹುದು. ಅಂಗಳದ ನಡುವೆ ನಿಂತು, ಜೊತೆಗೆ ಗೆಳೆಯರನ್ನು ಇಟ್ಟುಕೊಂಡು, ಕಣ್ಣು ಮುಚ್ಚಿ ಏಳೆಂಟು ಸುತ್ತು ಗಿರಗಿರನೆ ತಿರುಗಿ ಥಟ್ಟನೆ ನಿಲ್ಲಿ. ನಿಂತಿದ್ದೀರಿ, ಆದರೂ ಇನ್ನೂ ತಿರುಗುತ್ತಿರುವಂತೆ ಅನ್ನಿಸುತ್ತದೆ. ನಮ್ಮ ಒಳಗಿವಿಯಲ್ಲಿ ಅರ್ಧವೃತ್ತದಂತಿರುವ ಮೂರು ನಾಳಗಳಿವೆ. ಅವುಗಳೊಳಗೆ ದ್ರವವಿದೆ. ತಲೆ ತಿರುಗಿದಾಗ ನಾಳ ತಿರುಗುತ್ತದೆ, ದ್ರವ ಮಾತ್ರ ಸ್ವಲ್ಪ ಹಿಂದೆ ಉಳಿಯುತ್ತದೆ. ಈ ವ್ಯತ್ಯಾಸದಿಂದ ತಿರುಗುವುದು ನಮ್ಮ ಗಮನಕ್ಕೆ ಬರುತ್ತದೆ. ತಿರುಗುತ್ತಲೇ ಇದ್ದರೆ ದ್ರವವೂ ಅದೇ ವೇಗ ಪಡೆಯುತ್ತದೆ. ಆಗ ವ್ಯತ್ಯಾಸವಿಲ್ಲ, ನೆಟ್ಟಗೆ ಇದ್ದೇವೆ ಎಂದೇ ಮೆದುಳು ತಿಳಿಯುತ್ತದೆ. ಮೋಡದೊಳಗೆ ವಿಮಾನ ನಿಧಾನವಾಗಿ ಒಂದು ಪಕ್ಕಕ್ಕೆ ವಾಲಿ ಸುತ್ತುತ್ತ ಕೆಳಗಿಳಿಯುತ್ತಿದ್ದರೂ ಚಾಲಕ ಆರಾಮವಾಗಿ ಕುಳಿತಿರುತ್ತಾನೆ. ಕಣ್ಣಿಗೆ ದಿಗಂತ ಕಂಡರೆ ತಪ್ಪು ಗೊತ್ತಾಗುತ್ತದೆ, ಕಾಣದಿದ್ದರೆ ಇಲ್ಲ.

ಡೂಲಿಟಲ್ ಬರಿಯ ಸಾಹಸಿಯಲ್ಲ. ಅವರು ಎಂಐಟಿ ಎಂಬ ಹೆಸರಾಂತ ತಾಂತ್ರಿಕ ವಿದ್ಯಾಲಯಕ್ಕೆ ಸೇರಿ 1925ರಲ್ಲಿ ವಿಮಾನ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು. ಅಮೆರಿಕದಲ್ಲಿ ಆ ವಿಷಯದಲ್ಲಿ ಡಾಕ್ಟರೇಟ್ ಪಡೆದ ಮೊದಮೊದಲಿಗರಲ್ಲಿ ಅವರೊಬ್ಬರು. ಅದೇ ವರ್ಷ ಸಮುದ್ರ ವಿಮಾನಗಳ ವೇಗದ ಸ್ಪರ್ಧೆಯಲ್ಲಿ ಶ್ನೈಡರ್ ಟ್ರೋಫಿಯನ್ನೂ ಗೆದ್ದರು. ಒಂದು ಕೈಯಲ್ಲಿ ಗಣಿತ, ಇನ್ನೊಂದು ಕೈಯಲ್ಲಿ ವಿಮಾನದ ಹಿಡಿ. ಮಂಜಿನ ಸಮಸ್ಯೆ ಬಿಡಿಸಲು ಇಂಥವರೇ ಬೇಕಾಗಿತ್ತು.

ಬುಗುರಿ, ಗಾಳಿಯ ಒತ್ತಡ, ರೇಡಿಯೊ

1928ರಲ್ಲಿ ಗುಗೆನ್‌ಹೈಮ್ ನಿಧಿ ಎಂಬ ಸಂಸ್ಥೆ ಹಣ ಕೊಟ್ಟು ನ್ಯೂಯಾರ್ಕ್ ಬಳಿಯ ಮಿಚೆಲ್ ಫೀಲ್ಡ್‌ನಲ್ಲಿ ಒಂದು ಪ್ರಯೋಗಾಲಯ ತೆರೆಯಿತು. ಸೈನ್ಯವು ಡೂಲಿಟಲ್‌ರನ್ನು ಆ ಕೆಲಸಕ್ಕೆ ಕೊಟ್ಟಿತು. ಗುರಿ ಒಂದೇ: ಹೊರಗೆ ನೋಡದೆ ಏರುವುದು, ಹಾರುವುದು, ಇಳಿಯುವುದು.

ಇದಕ್ಕೆ ಚಾಲಕನಿಗೆ ಮೂರು ವಿಷಯ ತಿಳಿಯಬೇಕು. ವಿಮಾನ ಯಾವ ಕಡೆಗೆ ವಾಲಿದೆ, ಎಷ್ಟು ಎತ್ತರದಲ್ಲಿದೆ, ಮೈದಾನ ಎಲ್ಲಿದೆ.

ವಾಲುವುದನ್ನು ತಿಳಿಯಲು ಸಹಾಯ ಮಾಡಿದ್ದು ನಿಮ್ಮ ಬುಗುರಿಯ ತತ್ತ್ವ! ಜೋರಾಗಿ ತಿರುಗುತ್ತಿರುವ ಬುಗುರಿಯನ್ನು ಅಂಗೈ ಮೇಲೆ ತೆಗೆದುಕೊಂಡಿದ್ದೀರಲ್ಲವೆ? ಕೈಯನ್ನು ಕೊಂಚ ಓರೆ ಮಾಡಿದರೂ ಬುಗುರಿ ನೆಟ್ಟಗೇ ನಿಲ್ಲುತ್ತದೆ. ರಭಸದಿಂದ ತಿರುಗುವ ಚಕ್ರ ತನ್ನ ಅಕ್ಷದ ದಿಕ್ಕನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಇಂಥ ಚಕ್ರಕ್ಕೆ ಗೈರೋಸ್ಕೋಪ್ ಎಂದು ಹೆಸರು. ಸ್ಪೆರಿ ಅವರ ಕಂಪನಿಯು ಡೂಲಿಟಲ್‌ಗಾಗಿ ಗೈರೋಸ್ಕೋಪ್‌ನಿಂದ ನಡೆಯುವ ಕೃತಕ ದಿಗಂತವನ್ನು ತಯಾರಿಸಿತು. ಅದರ ಮುಖದ ಮೇಲೆ ಒಂದು ಗೆರೆ, ಒಂದು ಪುಟ್ಟ ವಿಮಾನದ ಚಿತ್ರ. ಹೊರಗೆ ದಿಗಂತ ಕಾಣದಿದ್ದರೂ ಆ ಗೆರೆ ದಿಗಂತದಂತೆ ನಿಲ್ಲುತ್ತದೆ. ವಿಮಾನ ವಾಲಿದರೆ ಚಿತ್ರ ಮತ್ತು ಗೆರೆ ಓರೆಯಾಗಿ ಕಾಣುತ್ತವೆ. ದಿಕ್ಕು ತೋರಿಸಲು ಇನ್ನೊಂದು ಗೈರೋಸ್ಕೋಪ್.

ಎತ್ತರಕ್ಕೆ ಗಾಳಿಯ ಒತ್ತಡ. ಮೇಲೇರಿದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ ಎಂದು ನೀವು ಓದಿದ್ದೀರಿ. ಒತ್ತಡವನ್ನು ಅಳೆದರೆ ಎತ್ತರ ತಿಳಿಯುತ್ತದೆ. ಆದರೆ ಹಳೆಯ ಎತ್ತರಮಾಪಕಗಳು ಬಹಳ ಒರಟು. ಇಳಿಯುವ ಹೊತ್ತಿನಲ್ಲಿ ಅವುಗಳನ್ನು ನಂಬಿದರೆ ಕೆಟ್ಟಂತೆಯೇ. ಜರ್ಮನಿಯಿಂದ ಬಂದು ನೆಲೆಸಿದ್ದ ಪಾಲ್ ಕೋಲ್ಸ್‌ಮನ್ ಎಂಬುವರು ಗಡಿಯಾರದಷ್ಟೇ ನಾಜೂಕಾದ ಎತ್ತರಮಾಪಕ ತಯಾರಿಸಿದ್ದರು. ಅದು ಕೆಲವೇ ಮೀಟರ್‌ಗಳ ವ್ಯತ್ಯಾಸವನ್ನೂ ತೋರಿಸುತ್ತಿತ್ತು.

ಮೈದಾನ ಎಲ್ಲಿದೆ ಎಂದು ತಿಳಿಸಲು ರೇಡಿಯೊ. ಮೈದಾನದ ಬಳಿಯಿಂದ ರೇಡಿಯೊ ಅಲೆಗಳನ್ನು ಒಂದು ಕಿರಿದಾದ ದಾರಿಯ ಹಾಗೆ ಕಳಿಸುತ್ತಿದ್ದರು. ವಿಮಾನದಲ್ಲಿ ಎರಡು ಪುಟ್ಟ ಪಟ್ಟಿಗಳು ನಡುಗುತ್ತಿದ್ದವು. ಎರಡೂ ಒಂದೇ ಸಮ ನಡುಗಿದರೆ ವಿಮಾನ ದಾರಿಯ ನಡುವೆ ಇದೆ. ಒಂದು ಹೆಚ್ಚು, ಒಂದು ಕಡಿಮೆ ನಡುಗಿದರೆ ದಾರಿಯಿಂದ ಸರಿದಿದೆ ಎಂದರ್ಥ.

ಡೂಲಿಟಲ್ ಮತ್ತೆ ಮತ್ತೆ ಅಭ್ಯಾಸ ಮಾಡಿದರು. ಆ ದಿನಗಳಲ್ಲೇ ಒಂದು ರಾತ್ರಿ, ಈ ಉಪಕರಣಗಳಿಲ್ಲದ ಬೇರೆ ವಿಮಾನದಲ್ಲಿ ಬರುವಾಗ, ಮಂಜು ಎಲ್ಲ ಮೈದಾನಗಳನ್ನೂ ಮುಚ್ಚಿಬಿಟ್ಟಿತು. ಇಂಧನ ಮುಗಿಯುತ್ತ ಬಂತು. ಕೊನೆಗೆ ವಿಮಾನದ ರೆಕ್ಕೆಯನ್ನು ಮರಕ್ಕೆ ಸಿಕ್ಕಿಸಿ ವೇಗ ತಗ್ಗಿಸಿ ನೆಲಕ್ಕೆ ಬಿದ್ದರು. ವಿಮಾನ ಪುಡಿಯಾಯಿತು, ಅವರಿಗೆ ಏನೂ ಆಗಲಿಲ್ಲ. ತಾವು ಹುಡುಕುತ್ತಿದ್ದ ಉತ್ತರ ಎಷ್ಟು ತುರ್ತಿನದು ಎಂದು ಅವರಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

ಹದಿನೈದು ನಿಮಿಷ

1929ರ ಸೆಪ್ಟೆಂಬರ್ 24ರ ಬೆಳಿಗ್ಗೆ ಮಿಚೆಲ್ ಫೀಲ್ಡ್ ಮೇಲೆ ದಟ್ಟ ಮಂಜು ಕವಿದಿತ್ತು. ಬೇರೆಯವರಿಗೆ ಬೇಸರ, ಡೂಲಿಟಲ್‌ಗೆ ಸಂಭ್ರಮ! ಮೊದಲು ಒಬ್ಬರೇ ಮಂಜಿನೊಳಗೆ ಹಾರಿ ಇಳಿದರು. ಆ ವೇಳೆಗೆ ಗುಗೆನ್‌ಹೈಮ್ ನಿಧಿಯ ಹಿರಿಯರು ಬಂದರು. ಎಲ್ಲರ ಎದುರು ಇನ್ನೊಮ್ಮೆ ಹಾರುವುದೆಂದು ತೀರ್ಮಾನವಾಯಿತು. ಈ ಬಾರಿ ಡೂಲಿಟಲ್ ಕುಳಿತ ಹಿಂದಿನ ಆಸನವನ್ನು ದಪ್ಪ ಬಟ್ಟೆಯ ಮುಸುಕಿನಿಂದ ಪೂರ್ತಿಯಾಗಿ ಮುಚ್ಚಿದರು. ಒಂದಿಷ್ಟು ಬೆಳಕೂ ಒಳಗೆ ಬರುವಂತಿರಲಿಲ್ಲ.

ಅವರಿಗೆ ಒಬ್ಬರೇ ಹೋಗುವ ಆಸೆ. ಆದರೆ ಮಂಜು ಕರಗತೊಡಗಿತ್ತು. ಮಂಜು ಕರಗಿದರೆ ಏನಾಗುತ್ತದೆ? ಬೇರೆ ವಿಮಾನಗಳೂ ಮೇಲೇರುತ್ತವೆ! ಅವುಗಳಲ್ಲಿ ಒಂದು ಎದುರಿಗೆ ಬಂದರೆ ಮುಸುಕಿನೊಳಗಿದ್ದವರಿಗೆ ಕಾಣುವುದೇ ಇಲ್ಲ. ಹಾಗಾಗಿ ಬೆಂಜಮಿನ್ ಕೆಲ್ಸಿ ಎಂಬ ಯುವ ಸೇನಾಧಿಕಾರಿಯನ್ನು ಮುಂದಿನ ಆಸನದಲ್ಲಿ ಕೂರಿಸಲೇಬೇಕು ಎಂದು ಹಿರಿಯರು ಹಟ ಹಿಡಿದರು. ಕೆಲ್ಸಿ ತಾವು ವಿಮಾನವನ್ನು ಮುಟ್ಟುತ್ತಿಲ್ಲ ಎಂದು ನೆಲದಲ್ಲಿದ್ದವರಿಗೆ ತೋರಿಸಲು ಕೈಗಳನ್ನು ಹೊರಗೆ ಎತ್ತಿ ಹಿಡಿದಿದ್ದರು.

ವಿಮಾನ ಏರಿತು. ಸುಮಾರು 1000 ಅಡಿ, ಅಂದರೆ 300 ಮೀಟರ್ ಎತ್ತರಕ್ಕೆ ಹೋಗಿ, ತಿರುಗಿ, ಮೈದಾನವನ್ನು ದಾಟಿ, ಮತ್ತೆ ತಿರುಗಿ, ರೇಡಿಯೊ ದಾರಿ ಹಿಡಿದು ಇಳಿಯಿತು. ಒಟ್ಟು 15 ನಿಮಿಷ. ಇಳಿದದ್ದು ಅಷ್ಟೇನೂ ನಯವಾಗಿರಲಿಲ್ಲ ಎಂದು ಡೂಲಿಟಲ್ ಅವರಿಗೇ ಅನ್ನಿಸಿತ್ತು. ಆದರೆ ಮೊದಲಿನಿಂದ ಕೊನೆಯವರೆಗೆ ಹೊರಗೆ ನೋಡದೆ ಉಪಕರಣಗಳಿಂದಲೇ ವಿಮಾನ ನಡೆಸಿದ ಮೊದಲ ಹಾರಾಟ ಅದಾಯಿತು.

ಪತ್ರಿಕೆಗಳು ಮಂಜನ್ನು ಗೆದ್ದ ಸುದ್ದಿಯನ್ನು ಸಾರಿದವು. ಅದು ಸರಿಯೇ. ಆದರೆ ಕೆಲ್ಸಿ ಅವರ ಆಸನವನ್ನು ನಾವು ಮರೆಯಬಾರದು. ಉಪಕರಣಗಳು ಡೂಲಿಟಲ್‌ಗೆ ತಮ್ಮ ವಿಮಾನ ಎಲ್ಲಿದೆ ಎಂದು ಹೇಳಿದವು. ಬೇರೆ ವಿಮಾನ ಎಲ್ಲಿದೆ ಎಂದು ಒಂದೂ ಹೇಳಲಿಲ್ಲ. ಆ ಕೆಲಸವನ್ನು ಮಾಡಿದ್ದು ಕೆಲ್ಸಿಯವರ ಎರಡು ಕಣ್ಣುಗಳು.

ಗದ್ದೆಯ ಬದುವಿನ ಮೇಲೆ

ಇಲ್ಲಿ ಒಂದು ವಿಚಿತ್ರ ತೊಡಕಿದೆ. ಮಂಜು ಕವಿದ ದೊಡ್ಡ ಬಯಲಿನಲ್ಲಿ ಹತ್ತು ಜನ ತಮಗೆ ತೋಚಿದ ಕಡೆಗೆ ನಡೆಯುತ್ತಿದ್ದಾರೆ ಎಂದುಕೊಳ್ಳಿ. ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವುದು ಅಪರೂಪ, ಜಾಗ ಬೇಕಾದಷ್ಟಿದೆ. ಅದೇ ಹತ್ತು ಜನರಿಗೆ ಗದ್ದೆಯ ಒಂದೇ ಬದುವಿನ ಮೇಲೆ, ಒಂದಿಷ್ಟೂ ಆಚೀಚೆ ಸರಿಯದೆ ನಡೆಯಿರಿ ಎಂದರೆ? ಖಂಡಿತ ಮುಖಾಮುಖಿಯಾಗುತ್ತಾರೆ. ಉಪಕರಣಗಳು ವಿಮಾನಗಳಿಗೆ ಆಕಾಶದಲ್ಲಿ ಇಂಥ ಬದುವನ್ನೇ ಹಾಕಿಕೊಟ್ಟವು. ಉಪಕರಣ ಎಷ್ಟು ಕರಾರುವಾಕ್ಕೋ ಬದು ಅಷ್ಟು ಕಿರಿದು. ಎಲ್ಲ ವಿಮಾನಗಳೂ ಒಂದೇ ರೇಡಿಯೊ ಕೇಂದ್ರದ ಕಡೆಗೆ, ಒಂದೇ ಗೆರೆಯ ಮೇಲೆ, ಒಂದೇ ರನ್‌ವೇಗೆ ಬರುತ್ತವೆ. ದಾರಿ ತಪ್ಪುವ ಭಯ ಹೋಯಿತು, ದಾರಿಯಲ್ಲಿ ಎದುರಾಗುವ ಭಯ ಬಂತು.

ದೂರ ಪ್ರಯಾಣದಲ್ಲಿ ಇದಕ್ಕೊಂದು ಜಾಣ ಉಪಾಯವಿದೆ. ರಸ್ತೆಯಲ್ಲಿ ಎಡಕ್ಕೆ ಹೋಗುವ ನಿಯಮವಿದ್ದಂತೆ ಆಕಾಶದಲ್ಲಿ ಎತ್ತರದ ನಿಯಮ. ಉಪಕರಣ ನೋಡಿ ಹಾರುವ ವಿಮಾನಗಳಲ್ಲಿ ಪೂರ್ವದ ಕಡೆ ಹೋಗುವವು ಬೆಸ ಸಂಖ್ಯೆಯ ಸಾವಿರ ಅಡಿಗಳಲ್ಲಿ, ಅಂದರೆ 5000, 7000, 9000 ಅಡಿ ಎತ್ತರದಲ್ಲಿ. ಪಶ್ಚಿಮದ ಕಡೆ ಹೋಗುವವು ಸಮಸಂಖ್ಯೆಯಲ್ಲಿ, 4000, 6000, 8000 ಹೀಗೆ. ಬೆಸ, ಸಮ ಲೆಕ್ಕ ಎಲ್ಲೆಲ್ಲಿ ಉಪಯೋಗಕ್ಕೆ ಬರುತ್ತದೆ ನೋಡಿ! ಆದರೆ ನಿಲ್ದಾಣದ ಹತ್ತಿರ ಈ ಉಪಾಯ ನಡೆಯದು. ಎಲ್ಲರೂ ಕೊನೆಗೆ ನೆಲಕ್ಕೇ ಇಳಿಯಬೇಕಲ್ಲ.

ಅಲ್ಲಿ ಬೇಕಾದದ್ದು ನೆಲದ ಮೇಲೆ ನಿಂತು ಎಲ್ಲರನ್ನೂ ನೋಡುವವರು. ಡೂಲಿಟಲ್ ಹಾರಿದ ಅದೇ 1929ರಲ್ಲಿ ಸೇಂಟ್ ಲೂಯಿ ನಗರದ ವಿಮಾನ ನಿಲ್ದಾಣದಲ್ಲಿ ಆರ್ಚಿ ಲೀಗ್ ಎಂಬುವರು ಈ ಕೆಲಸಕ್ಕೆ ನಿಂತರು. ಅವರ ಸಲಕರಣೆ ಏನು ಗೊತ್ತೆ? ತಳ್ಳುವ ಒಂದು ಒಂಟಿ ಚಕ್ರದ ಗಾಡಿ, ಅದಕ್ಕೆ ಸಿಕ್ಕಿಸಿದ ಕೊಡೆ, ಒಂದು ಕುರ್ಚಿ, ಎರಡು ಬಾವುಟ! ಒಂದು ಬಾವುಟ ಬೀಸಿದರೆ ಹೊರಡಬಹುದು, ಇನ್ನೊಂದು ಬೀಸಿದರೆ ಕಾಯಬೇಕು. 1935ರಲ್ಲಿ ನೆವಾರ್ಕ್ ಎಂಬಲ್ಲಿ ವಿಮಾನ ಕಂಪನಿಗಳು ಸೇರಿ ಒಂದು ಕೋಣೆಯಲ್ಲಿ ನಕ್ಷೆ ಹರಡಿ, ಅದರ ಮೇಲೆ ಪುಟ್ಟ ಗುರುತುಗಳನ್ನು ಸರಿಸುತ್ತ ಯಾವ ವಿಮಾನ ಎಲ್ಲಿರಬಹುದೆಂದು ಲೆಕ್ಕ ಇಡತೊಡಗಿದವು. ರೇಡಾರ್ ಬಂದದ್ದು ಆಮೇಲೆ.

ಕಂಟ್ರೋಲ್ ಟವರ್ ಇಲ್ಲದ ಸಣ್ಣ ನಿಲ್ದಾಣಗಳ ಕಥೆ ಬೇರೆಯೇ. ಅಮೆರಿಕದಲ್ಲಿ ಅಂಥವು ಸಾವಿರಾರು ಇವೆ. ಮೋಡ ತುಂಬಿದ ದಿನ ಅಲ್ಲಿಗೆ ಒಂದು ಪುಟ್ಟ ವಿಮಾನ ಮೋಡದೊಳಗಿಂದ, ಉಪಕರಣಗಳನ್ನೇ ನೋಡುತ್ತ, ಇಳಿಯುತ್ತಿದೆ ಎನ್ನಿ. ಮೋಡದ ಕೆಳಗೆ ಇನ್ನೊಂದು ಪುಟ್ಟ ವಿಮಾನ ಕಣ್ಣಿನಿಂದ ನೆಲ ನೋಡುತ್ತ ಸುತ್ತು ಹಾಕುತ್ತಿದೆ. ಎರಡೂ ತಪ್ಪು ಮಾಡಿಲ್ಲ. ಆದರೆ ಮೊದಲನೆಯದು ಮೋಡದಿಂದ ಹೊರಬಿದ್ದ ಕೂಡಲೇ ಎದುರಿಗೆ ಎರಡನೆಯದು! ಇದಕ್ಕಾಗಿಯೇ ಅಲ್ಲಿ ಹೆಚ್ಚಿನ ಕಡೆಗಳಲ್ಲಿ ಕಣ್ಣಿನಿಂದ ನೋಡಿ ಹಾರುವವರು ಮೋಡಕ್ಕೆ ಅಂಟಿಕೊಂಡು ಹಾರದೆ ಕನಿಷ್ಠ 500 ಅಡಿ ಕೆಳಗಿರಬೇಕು ಎಂಬ ನಿಯಮವಿದೆ. ಮೋಡದಿಂದ ಇಳಿದವರಿಗೆ ಸುತ್ತಲೂ ನೋಡಲು ಒಂದಿಷ್ಟು ಸಮಯ ಸಿಗಲಿ ಎಂದು. ಎರಡು ವಿಮಾನಗಳು 500 ಅಡಿಗಿಂತ ಹತ್ತಿರ ಬಂದರೆ ಅದನ್ನು ಡಿಕ್ಕಿ ಕೂದಲೆಳೆಯಲ್ಲಿ ತಪ್ಪಿದ ಘಟನೆಯೆಂದು ಅಲ್ಲಿ ದಾಖಲಿಸುತ್ತಾರೆ.

ಸಮಯ ಎಂದರೆ ಎಷ್ಟು? ಲೆಕ್ಕ ಹಾಕಿ. ಎರಡೂ ವಿಮಾನಗಳ ವೇಗ ಗಂಟೆಗೆ 180 ಕಿಲೋಮೀಟರ್. ಎದುರುಬದುರು ಬಂದರೆ ಗಂಟೆಗೆ 360 ಕಿಲೋಮೀಟರ್, ಅಂದರೆ ಸೆಕೆಂಡಿಗೆ 100 ಮೀಟರ್. ಒಂದು ಕಿಲೋಮೀಟರ್ ದೂರದಲ್ಲಿ ಕಂಡರೆ ಉಳಿದದ್ದು 10 ಸೆಕೆಂಡ್ ಮಾತ್ರ! ಅಷ್ಟು ದೂರದಿಂದ, 11 ಮೀಟರ್ ರೆಕ್ಕೆಯ ಪುಟ್ಟ ವಿಮಾನ ನೀವು ಕೈ ಚಾಚಿ ಹಿಡಿದ ತೊಗರಿ ಕಾಳಿನಷ್ಟು ಕಾಣುತ್ತದೆ.

ಇನ್ನೂ ಒಂದು ಮೋಸವಿದೆ, ಇದನ್ನು ಮೈದಾನದಲ್ಲಿ ಮಾಡಿ ನೋಡಿ. ಇಬ್ಬರು ಬೇರೆ ಬೇರೆ ಮೂಲೆಯಿಂದ ಹೊರಟು ಒಂದೇ ಗುರುತಿನ ಕಡೆಗೆ ಒಂದೇ ವೇಗದಲ್ಲಿ ನೇರವಾಗಿ ನಡೆಯಿರಿ. ಇಬ್ಬರೂ ಗುರುತಿನಿಂದ ಸಮದೂರದಲ್ಲಿರಲಿ. ತಲೆ ತಿರುಗಿಸದೆ ಓರೆಗಣ್ಣಿನಿಂದ ಇನ್ನೊಬ್ಬರನ್ನು ಗಮನಿಸಿ. ಅವರು ಮುಂದಕ್ಕೂ ಹೋಗುವುದಿಲ್ಲ, ಹಿಂದಕ್ಕೂ ಸರಿಯುವುದಿಲ್ಲ. ಅದೇ ಕೋನದಲ್ಲಿ ನಿಂತಂತೆ ಕಾಣುತ್ತಾರೆ, ಸ್ವಲ್ಪ ಸ್ವಲ್ಪವೇ ದೊಡ್ಡದಾಗುತ್ತಾರೆ ಅಷ್ಟೆ. ಡಿಕ್ಕಿಯ ದಾರಿಯಲ್ಲಿರುವ ವಿಮಾನವೂ ಹೀಗೆಯೇ, ಗಾಜಿನ ಮೇಲೆ ಅಂಟಿದ ಚುಕ್ಕೆಯಂತೆ ಅಲುಗದೆ ನಿಂತಿರುತ್ತದೆ. ನಮ್ಮ ಕಣ್ಣು ಚಲಿಸುವುದನ್ನು ಬೇಗ ಹಿಡಿಯುತ್ತದೆ, ನಿಂತದ್ದನ್ನು ಬಿಟ್ಟುಬಿಡುತ್ತದೆ. 1918ರಲ್ಲಿ ರಾಕ್‌ವೆಲ್ ಫೀಲ್ಡ್ ಮೇಲೆ ನಡೆದಂಥ ಡಿಕ್ಕಿಗಳು ತಿಳಿಯಾದ ಆಕಾಶದಲ್ಲೂ ಆಗುವುದಕ್ಕೆ ಇದೊಂದು ದೊಡ್ಡ ಕಾರಣ.

ಯುದ್ಧ, ಮತ್ತೆ ವಿಮಾನ ನಿಲ್ದಾಣ

ಡೂಲಿಟಲ್ ಹೆಸರು ಲೋಕಕ್ಕೆಲ್ಲ ಗೊತ್ತಾದದ್ದು ಮಂಜಿನ ಹಾರಾಟದಿಂದಲ್ಲ, ಯುದ್ಧದಿಂದ. 1942ರ ಏಪ್ರಿಲ್ 18ರಂದು ಹಡಗಿನ ಮೇಲಿಂದ ಹೊರಟ 16 ಬಾಂಬರ್ ವಿಮಾನಗಳ ಮುಂದಾಳಾಗಿ ಅವರು ಜಪಾನಿನ ಟೋಕಿಯೊ ಮತ್ತಿತರ ನಗರಗಳ ಮೇಲೆ ದಾಳಿ ಮಾಡಿದರು. ಹಿಂದಿರುಗಿ ಹಡಗಿನ ಮೇಲೆ ಇಳಿಯುವಂತಿರಲಿಲ್ಲ. ಹೆಚ್ಚಿನವರು ಚೀನಾದಲ್ಲಿ ಬಿದ್ದರು. ಅವರನ್ನು ಕಾಪಾಡಿದ ಚೀನಾದ ಹಳ್ಳಿಗರ ಮೇಲೆ ಜಪಾನಿನ ಸೈನ್ಯ ಭೀಕರವಾಗಿ ಸೇಡು ತೀರಿಸಿಕೊಂಡಿತು. ಅಮೆರಿಕದ ಪುಸ್ತಕಗಳು ಈ ದಾಳಿಯ ಸಾಹಸವನ್ನು ಹೊಗಳುವಷ್ಟು ಆ ಹಳ್ಳಿಗರನ್ನು ನೆನೆಯುವುದಿಲ್ಲ.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ಯುದ್ಧದ ನಂತರದ ಕೆಲಸ. 1951ರ ಡಿಸೆಂಬರ್‌ನಿಂದ 1952ರ ಫೆಬ್ರುವರಿಯವರೆಗೆ, ಎರಡು ತಿಂಗಳೊಳಗೆ, ನೆವಾರ್ಕ್ ನಿಲ್ದಾಣದ ಪಕ್ಕದ ಎಲಿಜಬೆತ್ ಎಂಬ ಊರಿನ ಮೇಲೆ ಮೂರು ವಿಮಾನಗಳು ಬಿದ್ದವು. ನೂರಕ್ಕೂ ಹೆಚ್ಚು ಜನ ಸತ್ತರು. ಅವುಗಳಲ್ಲಿ ಒಂದು ಕೆಟ್ಟ ಹವೆಯಲ್ಲಿ ಉಪಕರಣಗಳನ್ನು ನಂಬಿ ಇಳಿಯುತ್ತಿದ್ದ ವಿಮಾನ. ಜನ ರೊಚ್ಚಿಗೆದ್ದು ನಿಲ್ದಾಣವನ್ನೇ ಮುಚ್ಚಿಸಿದರು. ಆಗಿನ ಅಧ್ಯಕ್ಷ ಟ್ರೂಮನ್ ಒಂದು ಆಯೋಗ ನೇಮಿಸಿ ಡೂಲಿಟಲ್‌ರನ್ನು ಮುಖ್ಯಸ್ಥರನ್ನಾಗಿ ಮಾಡಿದರು. ಸದಸ್ಯರಲ್ಲಿ ಒಬ್ಬರು ಎಂಐಟಿಯ ಪ್ರಾಧ್ಯಾಪಕ ಜೆರೋಮ್ ಹನ್ಸೇಕರ್.

ಅದೇ ವರ್ಷದ ಮೇ ತಿಂಗಳಲ್ಲಿ ಅವರು ವರದಿ ಕೊಟ್ಟರು. ರನ್‌ವೇ ಕೊನೆಯಲ್ಲಿ ಮನೆಗಳಿಲ್ಲದ ಖಾಲಿ ಜಾಗ ಬಿಡಬೇಕು ಎಂಬುದು ಅದರ ಹೆಸರಾಂತ ಸಲಹೆ. ಆದರೆ ಇನ್ನೂ ಕೆಲವು ಸಲಹೆಗಳನ್ನು ನೋಡಿ. ಸಂಚಾರ ಹೆಚ್ಚಿರುವ ನಿಲ್ದಾಣಗಳ ಸುತ್ತ ವಿಮಾನಗಳ ಮೇಲೆ ಬಿಗಿಯಾದ ನಿಯಂತ್ರಣವಿರಬೇಕು. ಕಲಿಯುವವರ ಹಾರಾಟ ಅಂಥ ನಿಲ್ದಾಣಗಳಲ್ಲಿ ಆದಷ್ಟು ಕಡಿಮೆಯಾಗಬೇಕು. ಸೈನ್ಯದ ಹಾರಾಟ ಮತ್ತು ನಾಗರಿಕ ಹಾರಾಟ ಬೇರೆ ಬೇರೆಯಾಗಬೇಕು. ದಾರಿ ತೋರಿಸುವ ಉಪಕರಣಗಳನ್ನು ಬೇಗ ಬೇಗ ಅಳವಡಿಸಬೇಕು. ಮೊದಲ ಪಾಠದ ದಿನವೇ ತರಬೇತಿ ವಿಮಾನಗಳ ಡಿಕ್ಕಿ ನೋಡಿದ ಮನುಷ್ಯ ಇವುಗಳಿಗೆ ಸಹಿ ಹಾಕಿದ್ದರು.

ಸಲಹೆಗಳೆಲ್ಲ ಒಡನೆ ಜಾರಿಯಾಗಲಿಲ್ಲ. 1956ರ ಜೂನ್ 30ರಂದು ಗ್ರ್ಯಾಂಡ್ ಕ್ಯಾನ್ಯನ್ ಎಂಬ ಕಣಿವೆಯ ಮೇಲೆ ಎರಡು ದೊಡ್ಡ ಪ್ರಯಾಣಿಕ ವಿಮಾನಗಳು ಡಿಕ್ಕಿ ಹೊಡೆದು 128 ಮಂದಿ ಸತ್ತರು. ಆಮೇಲೆಯೇ ಅಮೆರಿಕ ಎಚ್ಚೆತ್ತು 1958ರಲ್ಲಿ ಇಡೀ ಆಕಾಶದ ಸಂಚಾರವನ್ನು ಒಂದೇ ಸಂಸ್ಥೆಯ ಕೈಗೆ ಕೊಟ್ಟಿತು.

ನಮ್ಮ ದೇಶದಲ್ಲೂ ಇಂಥ ದುರಂತ ನಡೆದಿದೆ. 1996ರ ನವೆಂಬರ್ 12ರ ಸಂಜೆ ದೆಹಲಿಯಿಂದ ಏರುತ್ತಿದ್ದ ಒಂದು ವಿಮಾನಕ್ಕೂ ದೆಹಲಿಗೆ ಇಳಿಯುತ್ತಿದ್ದ ಇನ್ನೊಂದಕ್ಕೂ ಹರಿಯಾಣದ ಚರ್ಖಿ ದಾದ್ರಿ ಬಳಿ ಡಿಕ್ಕಿಯಾಗಿ 349 ಜನ ತೀರಿಕೊಂಡರು. ಹೋಗುವವರಿಗೂ ಬರುವವರಿಗೂ ಆಗ ಒಂದೇ ದಾರಿ ಇತ್ತು. ಗದ್ದೆಯ ಬದುವಿನ ಮಾತು ನೆನಪಿದೆಯಲ್ಲ? ಆ ನಂತರ ಭಾರತದಲ್ಲಿ ಪ್ರಯಾಣಿಕ ವಿಮಾನಗಳಿಗೆ ಡಿಕ್ಕಿ ತಪ್ಪಿಸುವ ಉಪಕರಣ ಕಡ್ಡಾಯವಾಯಿತು. ಇದು ಸುತ್ತಲಿನ ವಿಮಾನಗಳನ್ನು ರೇಡಿಯೊ ಮೂಲಕ ಕೇಳುತ್ತದೆ, ಬಂದ ಉತ್ತರದಿಂದ ಇನ್ನೆಷ್ಟು ಸೆಕೆಂಡಿನಲ್ಲಿ ಡಿಕ್ಕಿಯಾಗಬಹುದೆಂದು ಲೆಕ್ಕ ಹಾಕುತ್ತದೆ, ಒಂದಕ್ಕೆ ಮೇಲೇರು, ಇನ್ನೊಂದಕ್ಕೆ ಕೆಳಗಿಳಿ ಎಂದು ಹೇಳುತ್ತದೆ. ಆದರೂ ನೆಲದ ಮೇಲಿನ ಕಣ್ಣುಗಳ ಕೆಲಸ ಮುಗಿದಿಲ್ಲ. 2022ರ ಜನವರಿಯಲ್ಲಿ ಬೆಂಗಳೂರು ನಿಲ್ದಾಣದ ಎರಡು ರನ್‌ವೇಗಳಿಂದ ಎರಡು ವಿಮಾನಗಳು ಒಂದೇ ಹೊತ್ತಿಗೆ ಏರಿ ಒಂದರ ಕಡೆಗೊಂದು ಸಾಗತೊಡಗಿದವು. ಎರಡರಲ್ಲೂ ಸೇರಿ 400ಕ್ಕೂ ಹೆಚ್ಚು ಜನರಿದ್ದರು. ರೇಡಾರ್ ಮುಂದೆ ಕುಳಿತಿದ್ದ ನಿಯಂತ್ರಕರು ನೋಡಿ, ಒಡನೆ ಬೇರೆ ದಿಕ್ಕಿಗೆ ತಿರುಗಲು ಹೇಳಿದ್ದರಿಂದ ಎಲ್ಲರೂ ಉಳಿದರು.

ಪುಟ್ಟ ವಿಮಾನಗಳಲ್ಲಿ ಇಂಥ ದುಬಾರಿ ಉಪಕರಣ ಸಾಮಾನ್ಯವಾಗಿ ಇರುವುದಿಲ್ಲ. ಅಮೆರಿಕದಲ್ಲಿ 2020ರಿಂದ ಹೆಚ್ಚಿನ ನಿಯಂತ್ರಿತ ಆಕಾಶದಲ್ಲಿ ಹಾರುವ ಪ್ರತಿ ವಿಮಾನವೂ ತಾನೆಲ್ಲಿದ್ದೇನೆ ಎಂದು ಉಪಗ್ರಹಗಳ ಸಹಾಯದಿಂದ ತಿಳಿದು ರೇಡಿಯೊದಲ್ಲಿ ಸಾರುತ್ತಿರಬೇಕು. ಅದನ್ನು ಕೇಳಿಸಿಕೊಳ್ಳುವ ಉಪಕರಣವಿದ್ದರೆ ಪಕ್ಕದ ವಿಮಾನ ಪರದೆಯ ಮೇಲೆ ಕಾಣುತ್ತದೆ. ಉಪಕರಣ ನೋಡಿ ಇಳಿಯುವುದನ್ನು ಕಲಿಯುವವರು ತಿಳಿಯಾದ ದಿನಗಳಲ್ಲಿ ಹೊರಗೆ ಕಾಣದಂತೆ ಕಣ್ಣಿಗೆ ಮರೆ ಕಟ್ಟಿಕೊಂಡು ಅಭ್ಯಾಸ ಮಾಡುತ್ತಾರೆ. ಆಗ ಪಕ್ಕದ ಆಸನದಲ್ಲಿ ಅರ್ಹತೆ ಪಡೆದ ಇನ್ನೊಬ್ಬ ಚಾಲಕ ಕುಳಿತು ಹೊರಗೆ ನೋಡುತ್ತಿರಲೇಬೇಕು ಎಂದು ಅಲ್ಲಿನ ಕಾನೂನು ಹೇಳುತ್ತದೆ. ಕೆಲ್ಸಿಯವರ ಕೆಲಸ ಇಂದಿಗೂ ನಡೆದಿದೆ ಎನ್ನಿ.

ಡೂಲಿಟಲ್ ಅಮೆರಿಕದ ವಿಮಾನ ಸಂಶೋಧನಾ ಸಂಸ್ಥೆ ನಾಕಾದ ಕೊನೆಯ ಅಧ್ಯಕ್ಷರಾಗಿದ್ದರು. 1958ರಲ್ಲಿ ಆ ಸಂಸ್ಥೆಯೇ ನಾಸಾ ಆಯಿತು. 1989ರಲ್ಲಿ ಅವರಿಗೆ ಅಮೆರಿಕದ ನಾಗರಿಕರಿಗೆ ಕೊಡುವ ಅತ್ಯುನ್ನತ ಪದಕ ದೊರೆಯಿತು. ಅದಕ್ಕೆ ಒಂದು ವರ್ಷ ಮೊದಲು, ಮದುವೆಯಾಗಿ ಸರಿಯಾಗಿ 71 ವರ್ಷ ತುಂಬಿದ ದಿನ ಪತ್ನಿ ಜೋಸೆಫಿನ್ ತೀರಿಕೊಂಡಿದ್ದರು. ಡೂಲಿಟಲ್ 1993ರ ಸೆಪ್ಟೆಂಬರ್ 27ರಂದು, ತಮ್ಮ 96ನೆಯ ವಯಸ್ಸಿನಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ನಿಧನರಾದರು. ಶ್ನೈಡರ್ ಟ್ರೋಫಿ ಗೆದ್ದ ಅವರ ವಿಮಾನವನ್ನು ಅಮೆರಿಕದ ಸ್ಮಿತ್ಸೋನಿಯನ್ ಸಂಗ್ರಹಾಲಯ ಇಂದಿಗೂ ಜೋಪಾನವಾಗಿ ಇಟ್ಟುಕೊಂಡಿದೆ.